ಭಾನುವಾರದ ಮೇಣದ ಕೆಲಸ: ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10 ಗಂಟೆಗೆ ನಮ್ಮ ಮನೆಯ ಜಗಲಿಯಲ್ಲಿ ಸೇರೋಣ. ಯಾವ ಮೇಣ ಎಂದು ನಿನ್ನೆ ಕೇಳಿದವರಿಗೆ ಉತ್ತರ: ಹಲಸಿನ ಮೇಣವಲ್ಲ, ಜೇನುಮೇಣ. ಕೈಗೆ ಎಣ್ಣೆ ಸವರಿಕೊಂಡು ಬರಬೇಕಾಗಿಲ್ಲ!

ಮಾಡುವುದು ಒಡೆದ ಹಿಮ್ಮಡಿಗೆ ಮುಲಾಮು. ತೂಕದಲ್ಲಿ 1 ಪಾಲು ಮೇಣಕ್ಕೆ 4 ಪಾಲು ಕೊಬ್ಬರಿ ಎಣ್ಣೆ. ಕಳೆದ ಸಲ ನಾನು ಕಣ್ಣಂದಾಜಿನಲ್ಲಿ ಸುರಿದೆ. ತಣಿದ ಮೇಲೆ ಚಮಚ ಡಬ್ಬಿಯಲ್ಲೇ ನಾಟಿಕೊಂಡಿತು. ಆದ್ದರಿಂದ ಅಡುಗೆಮನೆಯ ತಕ್ಕಡಿ ಇರುವವರು ದಯವಿಟ್ಟು ತನ್ನಿ.

ಮೇಣವನ್ನು ನೇರವಾಗಿ ಉರಿಯ ಮೇಲೆ ಇಡುವುದಿಲ್ಲ. ಬಿಸಿನೀರಿನ ಪಾತ್ರೆಯೊಳಗೆ ಸ್ಟೀಲ್ ಡಬರಿ ಇಟ್ಟು ಕರಗಿಸುತ್ತೇವೆ. ಸುಮಾರು 63 ಡಿಗ್ರಿಗೆ ಕರಗುವ ವಸ್ತು, ನೀರು ಕುದಿಯಬೇಕಾಗಿಯೇ ಇಲ್ಲ. ಅಕಸ್ಮಾತ್ ಹೊತ್ತಿಕೊಂಡರೆ ನೀರು ಎರಚಬೇಡಿ, ಬೆಂಕಿ ಸಿಡಿಯುತ್ತದೆ. ಗ್ಯಾಸ್ ಆರಿಸಿ, ಮುಚ್ಚಳ ಮುಚ್ಚಿ.

ಮಕ್ಕಳು ಒಲೆಯ ಹತ್ತಿರ ಬೇಡ. ಬಿಳಿ ಹಾಳೆಯ ಮೇಲೆ ಮೇಣದಬತ್ತಿಯಿಂದ ರಂಗೋಲಿ ಎಳೆದು ಜಲವರ್ಣ ಬಳಿಯಲಿ. ಕಾಣದಿದ್ದ ಗೆರೆಗಳು ಬೆಳ್ಳಗೆ ಎದ್ದು ಬರುವುದನ್ನು ನೋಡಲು ದೊಡ್ಡವರೂ ಬಗ್ಗುತ್ತಾರೆ.

ಮನೆಯಲ್ಲಿರುವ ಮೇಣದಬತ್ತಿಯ ತುಂಡುಗಳನ್ನು ಎಸೆಯಬೇಡಿ. ಬಿಗಿಯಾದ ಜಿಪ್ಪಿಗೆ, ಕಿರ್ರೆನ್ನುವ ಮರದ ಡ್ರಾಯರಿನ ಅಂಚಿಗೆ ಒಮ್ಮೆ ಉಜ್ಜಿದರೆ ಸಾಕು. ಗುಂಡಿ ಹೊಲಿಯುವ ದಾರವನ್ನು ಮೇಣದ ಮೇಲೆ ಎಳೆದುಕೊಂಡರೆ ಸಿಕ್ಕಾಗುವುದು ಕಡಿಮೆ.

ತರಬೇಕಾದದ್ದು: ಮುಚ್ಚಳವಿರುವ, ಒಣಗಿದ ಗಾಜಿನ ಪುಟ್ಟ ಭರಣಿ, ಹಳೆಯ ಪತ್ರಿಕೆ, ಹತ್ತಿಬಟ್ಟೆ. ಪಾತ್ರೆಗಳನ್ನು ಬಿಸಿಯಿರುವಾಗಲೇ ಪತ್ರಿಕೆಯಿಂದ ಒರೆಸುತ್ತೇವೆ. ಸಿಂಕಿಗೆ ಸುರಿದರೆ ಕೊಳವೆ ಕಟ್ಟುತ್ತದೆ. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ, ಅಷ್ಟೇ ಮೇಣ ತರಿಸುತ್ತೇನೆ.