ವೀರ್ಯದಲ್ಲಿ ವೈರಸ್ ಇದ್ದರೆ: ಮೊದಲು ಲಸಿಕೆ, ಆಮೇಲೆ ಲ್ಯಾಬು

ಚಿ. ಮಹೇಶನಿಗೆ ಚಿಕ್ಕಪ್ಪನ ಆಶೀರ್ವಾದಗಳು.

ನಿನ್ನ ರಿಪೋರ್ಟ್ ನೋಡಿದೆ. ಲಿವರಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ ಪಾಸಿಟಿವ್ ಬಂತೆಂದು ಮಗುವಿನ ಆಸೆ ಬಿಡಬೇಕಾಗಿಲ್ಲ, ಧೈರ್ಯವಾಗಿರು. ಆದರೆ ‘ವೀರ್ಯ ತೊಳೆದು ಐಯುಐ ಮಾಡಿಸಿದರೆ ಸಾಕಲ್ಲವೇ’ ಎಂದು ಕೇಳಿದ್ದೀಯಲ್ಲ, ಅಷ್ಟು ಸಾಲದು. (ಐಯುಐ ಎಂದರೆ ವೀರ್ಯಾಣುಗಳನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವುದು.)

ತೊಳೆಯುವ ವಿಧಾನ ಹೆಸರು ಮಾಡಿದ್ದು ಎಚ್‌ಐವಿ ವಿಷಯದಲ್ಲಿ. ಇಟಲಿಯ ಮಿಲಾನ್‌ನ ವೈದ್ಯ ಸೆಂಪ್ರೀನಿಯವರ ತಂಡ 1992ರಲ್ಲಿ ಅದನ್ನು ಪ್ರಕಟಿಸಿತು. ಎಚ್‌ಐವಿ ಹೆಚ್ಚಾಗಿ ಇರುವುದು ವೀರ್ಯದ ದ್ರವದಲ್ಲಿ, ಬಿಳಿ ರಕ್ತಕಣಗಳಲ್ಲಿ. ವೀರ್ಯಾಣುಗಳನ್ನು ಅವುಗಳಿಂದ ಬೇರ್ಪಡಿಸಬಹುದು. ಹೆಪಟೈಟಿಸ್ ಬಿ ವೈರಸ್ಸಿನ ಡಿಎನ್‌ಎ ವೀರ್ಯಾಣುವಿನ ಒಳಗೂ ಕಂಡುಬಂದಿದೆ. ಆದ್ದರಿಂದ ತೊಳೆದ ಮೇಲೂ ಪೂರ್ತಿ ಹೋಯಿತೆಂದು ನೆಚ್ಚುವಂತಿಲ್ಲ. ನಿನ್ನ ಹೆಂಡತಿ ಸುಮಾಳನ್ನು ಕಾಪಾಡುವುದು ಲಸಿಕೆ.

ಹಾಗಾಗಿ ಮೊದಲು ಅವಳ ರಕ್ತಪರೀಕ್ಷೆ ಮಾಡಿಸು: ಎಚ್‌ಬಿಎಸ್‌ಎಜಿ (ಈಗ ಸೋಂಕು ಇದೆಯೇ), ಆ್ಯಂಟಿ ಎಚ್‌ಬಿಸಿ (ಎಂದಾದರೂ ಸೋಂಕು ತಗಲಿತ್ತೇ), ಆ್ಯಂಟಿ ಎಚ್‌ಬಿಎಸ್ (ರಕ್ಷಣೆ ಇದೆಯೇ). ಲಸಿಕೆ ಹಾಕಿಸುವ ಮೊದಲೇ ರಕ್ತ ಕೊಡಲಿ. ಲಸಿಕೆಯಾದ ಕೆಲವು ದಿನ ಎಚ್‌ಬಿಎಸ್‌ಎಜಿ ಸುಮ್ಮಸುಮ್ಮನೆ ಪಾಸಿಟಿವ್ ತೋರಿಸಬಹುದು, ಆಗ ಮನೆಯಲ್ಲೆಲ್ಲ ಗಾಬರಿ. ಅವಳಿಗೆ ಸೋಂಕೂ ಇಲ್ಲ, ರಕ್ಷಣೆಯೂ ಇಲ್ಲ ಎಂದಾದರೆ ಮೂರು ಡೋಸ್: ಇವತ್ತೊಂದು, ಒಂದು ತಿಂಗಳಿಗೊಂದು, ಆರನೇ ತಿಂಗಳಿಗೊಂದು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆ್ಯಂಟಿ ಎಚ್‌ಬಿಎಸ್ ಮತ್ತೆ ನೋಡಿಸು. ಮಿಲಿಲೀಟರಿಗೆ 10 ಮಿಲಿ ಯುನಿಟ್ ದಾಟಿರಬೇಕು. ಈ ಕೊನೆಯ ಪರೀಕ್ಷೆಯನ್ನೇ ಬಹಳ ಜನ ಬಿಡುತ್ತಾರೆ. ಮೂರು ಡೋಸ್ ಹಾಕಿಸಿಕೊಂಡರೂ ರಕ್ಷಣೆ ಬಾರದವರಿದ್ದಾರೆ. ಅಂಥವರಿಗೆ ಇನ್ನೊಂದು ಸುತ್ತು ಕೊಡುತ್ತಾರೆ. ರಕ್ಷಣೆ ಬಂದಿದೆ ಎಂದು ಪರೀಕ್ಷೆಯಲ್ಲಿ ಕಾಣುವವರೆಗೆ ಕಾಂಡೋಮ್ ತಪ್ಪಿಸಬೇಡ.

ನೀನು ಲಿವರ್ ಡಾಕ್ಟರರನ್ನು ಕಂಡು ವೈರಸ್ ಪ್ರಮಾಣ, ಲಿವರ್ ಫಂಕ್ಷನ್, ಸ್ಕ್ಯಾನ್ ಮಾಡಿಸು. ವೈರಸ್ ಹತ್ತಿಕ್ಕುವ ಟೆನೊಫೊವಿರ್ ಮಾತ್ರೆ ಬರೆದರೆ ನಿನ್ನಷ್ಟಕ್ಕೆ ನಿಲ್ಲಿಸಬೇಡ, ಥಟ್ಟನೆ ಬಿಟ್ಟರೆ ಲಿವರ್ ಉರಿಯೂತ ಜೋರಾಗಿ ಮರುಕಳಿಸಬಹುದು. ಎಚ್‌ಐವಿ, ಹೆಪಟೈಟಿಸ್ ಸಿ ಪರೀಕ್ಷೆಗಳೂ ಆಗಿರಲಿ. ವೈರಸ್ಸಿಗೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ‘ವೀರ್ಯ ಶುದ್ಧಿ’ ಎಂದು ಯಾರು ಏನು ಕೊಟ್ಟರೂ ತೆಗೆದುಕೊಳ್ಳಬೇಡ.

ಇನ್ನು ಲ್ಯಾಬಿನ ಕೆಲಸ, ಅಂದರೆ ವೀರ್ಯ ತೊಳೆಯುವುದು. ಟ್ಯೂಬಿನ ತಳದಲ್ಲಿ ಶೇ 80ರ ಸಾಂದ್ರ ದ್ರಾವಣ, ಅದರ ಮೇಲೆ ಶೇ 40ರ ತೆಳು ದ್ರಾವಣ, ಎಲ್ಲಕ್ಕೂ ಮೇಲೆ ವೀರ್ಯ. ಸೆಂಟ್ರಿಫ್ಯೂಜ್ ಎಂಬ ಗಿರ್ರನೆ ತಿರುಗುವ ಯಂತ್ರದಲ್ಲಿ ಹದಿನೈದಿಪ್ಪತ್ತು ನಿಮಿಷ ತಿರುಗಿಸಿದರೆ ಗಟ್ಟಿ ವೀರ್ಯಾಣುಗಳು ತಳ ಸೇರುತ್ತವೆ. ದ್ರವವೂ ಬಿಳಿ ಕಣಗಳೂ ಮೇಲೆ ಉಳಿಯುತ್ತವೆ. ಮೇಲಿನದನ್ನು ಪದರ ಪದರವಾಗಿ ತೆಗೆದು, ತಳದ್ದನ್ನು ಹೊಸ ಪಿಪೆಟ್‌ನಲ್ಲೇ (ಹೀರುನಳಿಗೆಯಲ್ಲೇ) ಎತ್ತಬೇಕು. ಕೆಡುವುದು ಇಲ್ಲೇ: ಹಳೇ ಪಿಪೆಟ್ ಹಾಕಿದರೆ ಮೇಲಿನ ವೈರಸ್ ಕೆಳಗಿಳಿದು ಅಷ್ಟೂ ಶ್ರಮ ವ್ಯರ್ಥ. ಆಮೇಲೆ ಮತ್ತೆ ತೊಳೆಯುತ್ತಾರೆ. ಪ್ರತಿ ಹಂತದಲ್ಲೂ ಒಂದಷ್ಟು ವೀರ್ಯಾಣು ಕಳೆದುಹೋಗುತ್ತವೆ. ನಿನ್ನ ವೀರ್ಯಾಣು ಕೌಂಟ್ ಕಡಿಮೆಯಿದ್ದರೆ ಐಯುಐಗೆ ಸಾಲದೆ ಐವಿಎಫ್ (ಲ್ಯಾಬಿನಲ್ಲೇ ಭ್ರೂಣ ಬೆಳೆಸುವುದು) ಕಡೆಗೆ ಹೋಗಬೇಕಾದೀತು.

ಸ್ಯಾಂಪಲ್ ಫ್ರೀಜ್ ಮಾಡುವುದಾದರೆ ಎರಡು ವಿಷಯ ಕೇಳು. ಸ್ಯಾಂಪಲ್ ತುಂಬಲು ಎರಡೂ ಕಡೆ ಸೀಲ್ ಮಾಡಿದ ಸ್ಟ್ರಾ (ತೆಳು ಕೊಳವೆ) ಬಳಸುತ್ತಾರೆಯೇ? ಹೆಪಟೈಟಿಸ್ ಬಿ ಸ್ಯಾಂಪಲ್‌ಗಳಿಗೆ ಬೇರೆ ಟ್ಯಾಂಕ್ ಇದೆಯೇ? ಲಿಕ್ವಿಡ್ ನೈಟ್ರೋಜನ್‌ನ ಚಳಿಗೆ ವೈರಸ್ ಸಾಯುವುದಿಲ್ಲ. ಇದನ್ನು ಕೇಳಲು ಸಂಕೋಚ ಬೇಡ. ಸರಿಯಾದ ಸೆಂಟರಿನವರು ಬೇಸರವಿಲ್ಲದೆ ಉತ್ತರಿಸುತ್ತಾರೆ.

ಸುಮಾಳ ರಿಪೋರ್ಟ್ ಕೈಗೆ ಬಂದ ದಿನವೇ ನನಗೆ ಕಳಿಸು.

ಇಂತಿ,
ನಿನ್ನ ಚಿಕ್ಕಪ್ಪ