ದುಡ್ಡು ತಗೊಂಡವರನ್ನೇ ಕೇಳಬೇಕು

ಲೀಡ್ಸ್, ಇಂಗ್ಲೆಂಡ್

ಅಪ್ಪಾಜಿಗೆ, ಅವ್ವನಿಗೆ ನಮಸ್ಕಾರಗಳು. ತಮ್ಮನಿಗೆ ಪ್ರೀತಿ.

ನಾವೆಲ್ಲ ಆರಾಮಾಗಿದ್ದೇವೆ. ತಮ್ಮನ ಹೊಸ ಗೂಡ್ಸ್ ಆಟೋದಲ್ಲಿ ಶಬ್ದ ಬರುತ್ತಿದೆ, ಆಯಿಲ್ ಸೋರುತ್ತಿದೆ ಅನ್ನೋ ಮಾತು ಮೊನ್ನೆ ಫೋನಿನಲ್ಲಿ ಅರ್ಧಕ್ಕೇ ನಿಂತಿತು. ಶೋರೂಮಿನವರು "ಕಂಪನಿಯವರನ್ನ ಕೇಳಿ, ನಮ್ಮ ಕೈಯಲ್ಲಿ ಏನೂ ಇಲ್ಲ" ಅಂದರು ಅಂತ ಹೇಳಿದಿರಲ್ಲ, ಅದು ಕೇಳಿ ಹೊಟ್ಟೆ ಉರಿಯಿತು. ಇದೇ ಮಾತನ್ನು ನಾನು ಇಲ್ಲಿ ತಿಂಗಳುಗಟ್ಟಲೆ ಕೇಳಿದ್ದೇನೆ. ಅದಕ್ಕೇ ಎಲ್ಲ ಬರೆದು ಕಳಿಸುತ್ತಿದ್ದೇನೆ. ತಮ್ಮ ಕೂತು ಪೂರ್ತಿ ಓದಲಿ.

ನಾವು ಕ್ಯಾರವಾನ್ ತಗೊಂಡಿದ್ದು ನಿಮಗೆ ಗೊತ್ತೇ ಇದೆ. ಎಂಜಿನ್ ಇಲ್ಲದ, ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಡಿಮನೆ. 28,000 ಪೌಂಡ್ ಕೊಟ್ಟೆವು. ಮಕ್ಕಳನ್ನು ಕರೆದುಕೊಂಡು ಎಲ್ಲಿ ಬೇಕಾದರೂ ಹೋಗಿ, ನಮ್ಮ ಅನ್ನ ಸಾರು ನಾವೇ ಮಾಡಿಕೊಳ್ಳಬಹುದು ಅನ್ನೋದು ಆಸೆ. ಮಳೆಗಾಳಿ ಜೋರಾಗಿ ಹೊಡೆದ ಒಂದು ವಾರ ಆದ ಮೇಲೆ ಹಾಸಿಗೆಯ ಪಕ್ಕದ ಮೂಲೆಯಲ್ಲಿ ಗೋಡೆ ಒತ್ತಿ ನೋಡಿದರೆ ತಂಡಿ ಹಿಡಿದ ಮಂಡಕ್ಕಿ ಹಾಗೆ ಮೆತ್ತಗಾಗಿತ್ತು.

ಅಪ್ಪಾಜಿ, ನೀವು ಪಿ.ಬಿ. ರಸ್ತೆಯಲ್ಲಿ ಲಾರಿ ಬಾಡಿ ಕಟ್ಟುತ್ತಿದ್ದಾಗ ಪ್ರತಿ ಬೋಲ್ಟು, ಪ್ರತಿ ಹಲಗೆ ಕಣ್ಣಿಗೆ ಕಾಣುತ್ತಿತ್ತು. ಇಲ್ಲಿ ಹಾಗಲ್ಲ. ಹೊರಗೆ ತೆಳು ಅಲ್ಯೂಮಿನಿಯಂ ಇಲ್ಲವೇ ಫೈಬರ್ ಹಾಳೆ, ನಡುವೆ ಫೋಮು, ಒಳಗೆ ತೆಳು ಪ್ಲೈವುಡ್. ಎಲ್ಲವನ್ನೂ ಅಂಟು ಹಾಕಿ ಒತ್ತಿ ಒಂದೇ ಗೋಡೆ ಮಾಡಿರುತ್ತಾರೆ. ಎರಡು ಗೋಡೆ ಕೂಡುವ ಕಡೆ ಒಂದು ಪಟ್ಟಿ, ಅದರ ಕೆಳಗೆ ಸೀಲಂಟ್, ಅಂದರೆ ನೀರು ತಡೆಯುವ ಅಂಟು. ಆ ಸೀಲಂಟಿನಲ್ಲಿ ಒಂದು ಕಡೆ ಸಂದು ಬಿಟ್ಟರೂ ಸಾಕು, ನೀರು ಒಳಗೊಳಗೇ ಇಳಿಯುತ್ತದೆ. ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ, ಒಳಗೆ ಕಟ್ಟಿಗೆ ಕೊಳೆಯುತ್ತಿರುತ್ತದೆ.

ಮಾರಿದವರು ಮೊದಲು "ನೀವು ಒಳಗೆ ಅಡುಗೆ ಮಾಡಿದ ಹಬೆ ಅದು" ಅಂದರು. ಆಮೇಲೆ "ಇದು ಫ್ಯಾಕ್ಟರಿ ವಾರಂಟಿ ವಿಷಯ, ಅವರಿಗೇ ಬರೆಯಿರಿ" ಅಂದರು. ಫ್ಯಾಕ್ಟರಿಯವರು "ಡೀಲರ್ ಮೂಲಕ ಬನ್ನಿ" ಅಂದರು. ವಾರಂಟಿ ಪುಸ್ತಕ ತೆಗೆದು ನೋಡಿದರೆ ಷರತ್ತುಗಳೇ ಜಾಸ್ತಿ. ವರ್ಷಕ್ಕೊಮ್ಮೆ ಅವರು ಒಪ್ಪುವ ಕಡೆಯೇ ಸರ್ವಿಸ್ ಮಾಡಿಸಿ, ತೇವ ಅಳೆಸಬೇಕು. ತಪ್ಪಿದರೆ ನೀರು ಸೋರಿದ್ದಕ್ಕೆ ವಾರಂಟಿ ಇಲ್ಲ. ರಿಪೇರಿಗೆ ಫ್ಯಾಕ್ಟರಿ ತನಕ ಎಳೆದುಕೊಂಡು ಹೋಗುವ ಖರ್ಚೂ ನಮ್ಮದೇ.

ಆಗ ನಾನು ವಾರಂಟಿ ಪುಸ್ತಕ ಪಕ್ಕಕ್ಕಿಟ್ಟು ಕಾನೂನು ಓದಿದೆ. ವಾರಂಟಿ ಅಂದರೆ ಕಂಪನಿ ತಾನಾಗಿ ಕೊಡುವ ಮಾತು. ಕಾನೂನಿನ ಹಕ್ಕು ಅದರ ಮೇಲೆ ನಿಂತಿಲ್ಲ. ಇಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಪ್ರಕಾರ ಜವಾಬ್ದಾರಿ ಮಾರಿದವರದ್ದು. ಮೊದಲ 30 ದಿನದಲ್ಲಿ ದೋಷ ಕಂಡರೆ ವಾಪಸ್ ಕೊಟ್ಟು ಪೂರ್ತಿ ದುಡ್ಡು ಕೇಳಬಹುದು. ಅದು ದಾಟಿದರೆ ರಿಪೇರಿಗೆ ಅವರಿಗೆ ಒಂದು ಅವಕಾಶ ಕೊಡಬೇಕು. ಆಮೇಲೂ ಸರಿ ಆಗದಿದ್ದರೆ ವಾಪಸ್ ಕೊಡಬಹುದು. ಆರು ತಿಂಗಳ ಒಳಗೆ ಕಂಡ ದೋಷ ಮೊದಲಿಂದಲೇ ಇತ್ತು ಅಂತಲೇ ಲೆಕ್ಕ. ಇರಲಿಲ್ಲ ಅಂತ ಮಾರಿದವರೇ ತೋರಿಸಬೇಕು. ಆರು ತಿಂಗಳ ಒಳಗೆ ವಾಪಸ್ ಕೊಟ್ಟರೆ ಬಳಸಿದ್ದಕ್ಕೆ ಅಂತ ದುಡ್ಡು ಮುರಿಯುವ ಹಾಗಿಲ್ಲ. ಮೋಟಾರು ವಾಹನಕ್ಕೆ ಮಾತ್ರ ಮುರಿಯಬಹುದು. ನಮ್ಮದಕ್ಕೆ ಎಂಜಿನ್ನೇ ಇಲ್ಲವಲ್ಲ.

ಹೊರಗಿನ ಒಬ್ಬ ಇಂಜಿನಿಯರನ್ನು ಕರೆಸಿ ತೇವ ಅಳೆಸಿದೆ. ತೇವ ಶೇಕಡಾ 15ರ ಒಳಗಿದ್ದರೆ ಚಿಂತೆ ಇಲ್ಲ, 20 ದಾಟಿದರೆ ನಿಗಾ ಇಡಬೇಕು, 30 ದಾಟಿದರೆ ಒಳಗೆ ಕೆಡುತ್ತಿದೆ ಅಂತ ಅವರ ಲೆಕ್ಕ. ಉಳಿದ ಕಡೆ ಎಲ್ಲ 15ರ ಒಳಗೆ, ಆ ಮೂಲೆಯಲ್ಲಿ ಮಾತ್ರ 30ರ ಮೇಲೆ. ಅಡುಗೆಯ ಹಬೆ ಒಂದೇ ಮೂಲೆ ಹುಡುಕಿಕೊಂಡು ಹೋಗುತ್ತದೆಯೇ? ಪಟ್ಟಿ ಬಿಚ್ಚಿಸಿದಾಗ ಕೆಳಗೆ ಸೀಲಂಟೇ ಇರಲಿಲ್ಲ. ಅವರ ವರದಿ ಇಟ್ಟು ಡೀಲರಿಗೆ ಪತ್ರ ಬರೆದೆ. ರಿಪೇರಿ ಅಂತ ಪಟ್ಟಿಯ ಮೇಲೆಯೇ ಸೀಲಂಟ್ ಬಳಿದು ಕಳಿಸಿದರು. ಮುಂದಿನ ಮಳೆಗೆ ಮತ್ತೆ ಸೋರಿತು. ಈಗ ಗಾಡಿ ಬೇಡ, ದುಡ್ಡು ಕೊಡಿ ಅಂತ ಬರೆದು ಕೊಟ್ಟಿದ್ದೇನೆ.

ಅವರು ಒಪ್ಪಿಲ್ಲ. ಆದರೆ ಮುಂಗಡವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದೆ. 100 ಪೌಂಡ್ ದಾಟಿದ, 30,000 ಮೀರದ ಬೆಲೆಯ ಸಾಮಾನಿಗೆ ಕಾರ್ಡಿನ ಬ್ಯಾಂಕೂ ಮಾರಿದವರಷ್ಟೇ ಹೊಣೆ. ಇದು ಇಲ್ಲಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಕಲಮು. ಬ್ಯಾಂಕಿಗೆ ದೂರು ಕೊಟ್ಟಾಗಿದೆ. 8 ವಾರದಲ್ಲಿ ತೀರ್ಮಾನ ಮಾಡದಿದ್ದರೆ, ಇಲ್ಲವೇ ಆಗಲ್ಲ ಅಂದರೆ, ಬ್ಯಾಂಕುಗಳ ಮೇಲಿನ ದೂರು ತೀರ್ಮಾನಿಸುವ ಒಂಬುಡ್ಸ್‌ಮನ್ ಹತ್ತಿರ ಹೋಗುತ್ತೇನೆ. ಅದಕ್ಕೆ ನಮಗೆ ಖರ್ಚಿಲ್ಲ. ನಾನು ಬಿಡುವುದಿಲ್ಲ.

ಈಗ ತಮ್ಮನ ವಿಷಯ. ನಮ್ಮ ದೇಶದಲ್ಲಿ ಕಾನೂನು ಬೇರೆ, ಆದರೆ ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. "ಬಾಡಿಗೆ ಗಾಡಿ, ವ್ಯಾಪಾರಕ್ಕೆ ತಗೊಂಡಿದ್ದು, ನೀನು ಗ್ರಾಹಕನೇ ಅಲ್ಲ" ಅಂತ ಅವರು ಖಂಡಿತ ಹೇಳುತ್ತಾರೆ. ಹೆದರಬೇಡ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕೆ ಮಾತ್ರ ತಗೊಂಡವನನ್ನು ಆ ಕಾಯ್ದೆ ಗ್ರಾಹಕ ಅಂತಲೇ ಒಪ್ಪುತ್ತದೆ. ನೀನೇ ಓಡಿಸಿ ಮಂಡಕ್ಕಿ ಭಟ್ಟಿಯಿಂದ ಅಂಗಡಿಗಳಿಗೆ ಚೀಲ ಹಾಕುತ್ತೀಯ, ಇದಕ್ಕಿಂತ ಸ್ವಂತ ದುಡಿಮೆ ಇನ್ಯಾವುದು?

ಪ್ರತಿ ಸಲ ಸರ್ವಿಸಿಗೆ ಗಾಡಿ ಬಿಟ್ಟಾಗ ಜಾಬ್ ಕಾರ್ಡಿನಲ್ಲಿ "ಜನರಲ್ ಚೆಕಪ್" ಅಂತ ಬರೆಯಲು ಬಿಡಬೇಡ. ಲೋಡ್ ಹಾಕಿದಾಗ ಡಿಫರೆನ್ಷಿಯಲ್ (ಹಿಂದಿನ ಗಾಲಿಗಳಿಗೆ ಎಂಜಿನ್ ಬಲ ಹಂಚುವ ಗೇರು) ಶಬ್ದ ಬರುತ್ತದೆ, ಆಯಿಲ್ ಸೋರುತ್ತದೆ ಅಂತಲೇ ಬರೆಸು. ಅದರ ಒಂದು ಪ್ರತಿ ಇಸಕೊಂಡು ಬಾ. ಶೋರೂಮು, ಕಂಪನಿ ಇಬ್ಬರಿಗೂ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸು. ಒಬ್ಬರ ಮೇಲೆ ಒಬ್ಬರು ಹಾಕಿ ಜಾರಿಕೊಳ್ಳಲು ಬಿಡಬಾರದು. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸು. ಆಗದಿದ್ದರೆ ದಾವಣಗೆರೆಯಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ಗಾಡಿಗೆ ಕೊಟ್ಟದ್ದು 5 ಲಕ್ಷದ ಒಳಗಾದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದ ಒಳಗೆ ಹಾಕಬೇಕು, "ಮುಂದಿನ ತಿಂಗಳು ನೋಡೋಣ" ಅನ್ನೋ ಅವರ ಮಾತಿಗೆ ಕಾಯುತ್ತ ಕೂರಬೇಡ.

ಅಪ್ಪಾಜಿ, ನೀವೂ ಒಮ್ಮೆ ಗಾಡಿ ಕೆಳಗೆ ನೋಡಿ, ಆಯಿಲ್ ಎಲ್ಲಿಂದ ಸೋರುತ್ತಿದೆ ಅಂತ ಫೋಟೋ ತೆಗೆಸಿ ಕಳಿಸಿ. ಬಿಲ್ಲು, ವಾರಂಟಿ ಕಾರ್ಡು, ಇದುವರೆಗಿನ ಜಾಬ್ ಕಾರ್ಡುಗಳ ಫೋಟೋನೂ ಬೇಕು. ನೋಟಿಸಿನ ಕರಡು ನಾನೇ ಬರೆದು ಭಾನುವಾರದೊಳಗೆ ಕಳಿಸುತ್ತೇನೆ. ಅವ್ವ ಮಂಡಿನೋವಿನ ಮಾತ್ರೆ ತಪ್ಪಿಸದಿರಲಿ.

ನಿಮ್ಮ ಮಗ