ಕ್ಯಾಪ್ಟನ್ ಆದ ಅಳಿಯನಿಗೆ

ತಮ್ಮಾ, ಆಶೀರ್ವಾದ.

ನೀನು ಹಾಸ್ಟೆಲ್ ಕ್ರಿಕೆಟ್ ಟೀಮಿನ ಕ್ಯಾಪ್ಟನ್ ಆದ ಸುದ್ದಿ ನಿಮ್ಮವ್ವ ಹೇಳಿದಳು. ಮ್ಯಾಚಿನ ಹಿಂದಿನ ರಾತ್ರಿ ಹುಡುಗರನ್ನೆಲ್ಲ ಕೂರಿಸಿ 'ಲಗಾನ್' ತೋರಿಸಿದೆಯಂತೆ. ಮೂರೂಮುಕ್ಕಾಲು ತಾಸಿನ ಸಿನಿಮಾ! ಮರುದಿನ ಫೀಲ್ಡಿಂಗಿಗೆ ಯಾರಾದರೂ ಎದ್ದರೋ ಇಲ್ಲವೋ?

ನನಗೂ ಅದು ಇಷ್ಟದ ಸಿನಿಮಾ. 2001ರಲ್ಲಿ ಬಂದಾಗ ಥಿಯೇಟರಿನಲ್ಲಿ ಜನ ಸ್ಟೇಡಿಯಂನಲ್ಲಿ ಕೂತ ಹಾಗೆ ಕೂಗುತ್ತಿದ್ದರು. ಕಂದಾಯ ಮನ್ನಾ ಆಗಲೆಂದು ಹಳ್ಳಿಯವರು ಬ್ರಿಟಿಷರ ವಿರುದ್ಧ ಕ್ರಿಕೆಟ್ ಆಡುವ ಆ ಕಥೆ 1893ರದ್ದು. ಆಗ ಇಂಗ್ಲೆಂಡಿನಲ್ಲಿ ಓವರಿಗೆ ಐದೇ ಬಾಲ್, ಸಿನಿಮಾದಲ್ಲಿ ಆರು. ಇರಲಿ ಬಿಡು, ಅದು ಲೆಕ್ಕಕ್ಕಿಲ್ಲ.

ನಾನು ಹೇಳಬೇಕಾದದ್ದು ಆ ಸಿನಿಮಾದ ಕಚ್ರಾನ ವಿಷಯ. ಊನವಾದ ಕೈಯಿಂದ ಅವನು ಬಾಲ್ ಎಸೆಯುತ್ತಾನೆ, ಅದು ಗಿರ್ರನೆ ತಿರುಗುತ್ತದೆ. ಟೀಮಿಗೆ ಅಸ್ಪೃಶ್ಯ ಬೇಡ ಅಂತ ಊರು ಸಿಡಿಯುತ್ತದೆ. ಟೀಮು ಕಟ್ಟಿದ ನಾಯಕ ಭುವನ್ ಒಂದು ಭಾಷಣ ಮಾಡುತ್ತಾನೆ, ಎಲ್ಲರೂ ಒಪ್ಪುತ್ತಾರೆ. ಐದು ನಿಮಿಷದಲ್ಲಿ ಮುಗಿದೇ ಹೋಯಿತು. ನಿಜವಾಗಿ ಅಷ್ಟು ಸಲೀಸಲ್ಲ ಕಣೋ.

ಅದೇ ಕಾಲದಲ್ಲಿ ನಿಜವಾದ ಒಬ್ಬ ಬೌಲರ್ ಇದ್ದರು, ಪಲ್ವಂಕರ್ ಬಾಳೂ. ಹುಟ್ಟಿದ್ದು ನಮ್ಮ ಧಾರವಾಡದಲ್ಲೇ, ಚಮ್ಮಾರರ ಮನೆಯಲ್ಲಿ. ಬೆಳೆದದ್ದು ಪುಣೆಯಲ್ಲಿ. ಅಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ ಉರುಳೆ ಎಳೆಯುವುದು, ನೆಟ್ ಕಟ್ಟುವುದು ಅವರ ಕೆಲಸ. ಎಡಗೈ ಸ್ಪಿನ್. ಗ್ರೆಗ್ ಎಂಬ ಇಂಗ್ಲಿಷ್ ಬ್ಯಾಟ್ಸ್‌ಮನ್ ಬೇಗನೆ ಬಂದು ಇವರ ಬೌಲಿಂಗಿಗೆ ಪ್ರಾಕ್ಟೀಸ್ ಮಾಡುತ್ತಿದ್ದರು, ಔಟಾದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರಂತೆ. ದಿನಗಟ್ಟಲೆ ಬಾಲ್ ಹಾಕಿಸಿಕೊಂಡರು. ಒಮ್ಮೆಯೂ ಕೈಗೆ ಬ್ಯಾಟ್ ಕೊಡಲಿಲ್ಲ.

ಬಿಳಿಯರನ್ನು ಸೋಲಿಸಲೇಬೇಕು ಅನ್ನಿಸಿದಾಗ ಪುಣೆಯ ಹಿಂದೂ ಟೀಮು ಬಾಳೂ ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಎಲ್ಲರೂ ಮುಟ್ಟಿದ್ದು ಅದೇ ಬಾಲ್. ಚಹಾ ಹೊತ್ತಿಗೆ ಮಾತ್ರ ಉಳಿದವರೆಲ್ಲ ಒಳಗೆ, ಪಿಂಗಾಣಿ ಕಪ್ಪು. ಬಾಳೂ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆ. ಊಟದ ತಟ್ಟೆಯೂ ಬೇರೆ. ವಿಕೆಟ್ ಬೇಕು, ಮನುಷ್ಯ ಬೇಡ! ಇದು ಬದಲಾಗಲು ವರ್ಷಗಳೇ ಹಿಡಿದವು. 1911ರಲ್ಲಿ ಇಂಗ್ಲೆಂಡಿಗೆ ಹೋದ ಮೊದಲ ಅಖಿಲ ಭಾರತ ತಂಡದಲ್ಲಿ ಅವರು ನೂರಕ್ಕೂ ಜಾಸ್ತಿ ವಿಕೆಟ್ ತೆಗೆದರು. ಆದರೂ ಧರ್ಮವಾರು ತಂಡಗಳ ಟೂರ್ನಿಯಲ್ಲಿ ಆಡುತ್ತಿದ್ದ ಹಿಂದೂ ತಂಡದ ಕ್ಯಾಪ್ಟನ್ ಆಗಿ ಅವರನ್ನು ಆರಿಸಲಿಲ್ಲ. 1923ರಲ್ಲಿ ಅದು ಅವರ ತಮ್ಮ ವಿಠ್ಠಲನಿಗೆ ದಕ್ಕಿತು.

ಅದಕ್ಕೇ ಹೇಳುತ್ತೇನೆ, ಹನ್ನೊಂದು ಜನರ ಪಟ್ಟಿ ಬರೆದ ಕೂಡಲೇ ಟೀಮು ಆಗಲಿಲ್ಲ. ಮ್ಯಾಚ್ ಮುಗಿದ ಮೇಲೆ ಒಂದು ಗಳಿಗೆ ಸುಮ್ನೆ ನಿಂತು ನೋಡು. ಕಿಟ್ ಬ್ಯಾಗ್ ಯಾವಾಗಲೂ ಯಾರ ಹೆಗಲ ಮೇಲೆ? ಮೆಸ್ಸಿನಲ್ಲಿ ಯಾರ ಪಕ್ಕದ ಕುರ್ಚಿ ಖಾಲಿ? ಎಲ್ಲರೂ ದುಡ್ಡು ಹಾಕಿ ಹೋಟೆಲಿಗೆ ಹೊರಟರೆ 'ಹೊಟ್ಟೆ ಸರಿಯಿಲ್ಲ' ಅಂತ ಜಾರಿಕೊಳ್ಳುವವನು ಯಾರು? ಅಂಥವನನ್ನು ನಾಲ್ಕು ಜನರ ಎದುರು ಕೇಳಬೇಡ, ಅವಮಾನ ಆಗುತ್ತದೆ. ನೀನೇ ತಟ್ಟೆ ಹಿಡಿದು ಅವನ ಪಕ್ಕ ಹೋಗಿ ಕೂತುಕೋ. ಭುವನ್ ಥರ ಭಾಷಣವೂ ಬೇಡ, ಅದು ನಿನಗೆ ಬರುವುದೂ ಇಲ್ಲ ಅಲ್ವಾ!

ನೆಟ್ಸಿನಲ್ಲಿ ಸಂಜೆಯೆಲ್ಲ ಬಾಲ್ ಹಾಕಿ, ಕತ್ತಲಾಯಿತು ಅಂತ ಬ್ಯಾಟ್ ಹಿಡಿಯದೇ ರೂಮಿಗೆ ಹೋಗುವ ಹುಡುಗ ನಿಮ್ಮಲ್ಲೂ ಇದ್ದೇ ಇರುತ್ತಾನೆ. ನಾಳೆಯಿಂದ ಬ್ಯಾಟಿಂಗ್ ಅವನಿಂದ ಶುರುವಾಗಲಿ. ನೀನು ಕೊನೆಗೆ ಪ್ಯಾಡ್ ಕಟ್ಟು.

ನಿನ್ನ ಮಾಮಾ